ಸೋದರತ್ತೆಯ ನಾಡಿನಲ್ಲಿ

ಜೋಹಾನ್ಸ್‌ಬರ್ಗ್‌ನಿಂದ ಉತ್ತರಕ್ಕೆ ಹೊರಟ ಎನ್-1 ಹೆದ್ದಾರಿ ಪೊಲೊಕ್ವಾನೆ ದಾಟಿದ ಮೇಲೆ ಉದ್ದಕ್ಕೂ ಒಣ ಬಯಲಿನಲ್ಲಿ ಸಾಗುತ್ತದೆ. ಮುಳ್ಳುಜಾಲಿ, ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು ಮೇಯುವ ದನ. ಮಕರ ಸಂಕ್ರಾಂತಿ ವೃತ್ತ ಇಲ್ಲಿ ಹಾದುಹೋಗುತ್ತದೆಂದು ಹೇಳುವ ಗುರುತು ರಸ್ತೆಯ ಬದಿಯಲ್ಲೇ ಇದೆ. ಅದನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ಪೂರ್ವದಿಂದ ಪಶ್ಚಿಮಕ್ಕೆ ಗೋಡೆ ಕಟ್ಟಿದ ಹಾಗೆ ಸೌಟ್‌ಪಾನ್ಸ್‌ಬರ್ಗ್ ಬೆಟ್ಟಸಾಲು ಎದ್ದು ನಿಲ್ಲುತ್ತದೆ. ಇಲ್ಲಿಂದ ಮುಂದೆ ವೆಂಡಾ ಜನರ ನಾಡು. ಇನ್ನು ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಲಿಂಪೊಪೊ ನದಿ, ಅದರಾಚೆ ಜಿಂಬಾಬ್ವೆ.

ಬೆಟ್ಟದ ಬುಡದಲ್ಲಿರುವ ಊರಿಗೆ ಎರಡು ಹೆಸರು. 1836ರಲ್ಲಿ ಎತ್ತಿನ ಬಂಡಿಗಳೊಂದಿಗೆ ಇಲ್ಲಿಗೆ ಬಂದ, ಬಿಳಿಯ ವಲಸೆಗಾರರಾದ ಬೋಯರರ ನಾಯಕ ಲೂಯಿ ಟ್ರಿಚಾರ್ಟ್‌ನ ಹೆಸರು ಒಂದು. ಬೋಯರರನ್ನು ಈ ಸೀಮೆಯಿಂದ ಹಿಮ್ಮೆಟ್ಟಿಸಿದ ವೆಂಡಾ ದೊರೆ ಮಖಾಡೊನದು ಇನ್ನೊಂದು. 2003ರಲ್ಲಿ ಊರಿಗೆ ಮಖಾಡೊ ಎಂದು ಹೊಸ ಹೆಸರಿಟ್ಟರು. ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಲಿಲ್ಲವೆಂದು 2007ರಲ್ಲಿ ಸುಪ್ರೀಂ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಪುರಸಭೆಯ ಹೆಸರು ಮಾತ್ರ ಇಂದಿಗೂ ಮಖಾಡೊ. ಊರಿನಲ್ಲಿ ಅವನ ಪ್ರತಿಮೆಯೂ ಇದೆ. ಬಸ್ ನಿಲ್ದಾಣದ ಬಳಿ ಆವಕಾಡೊ, ಬಾಳೆಹಣ್ಣು, ಒಣಗಿಸಿದ ಮೊಪಾನೆ ಹುಳುಗಳನ್ನು ಮಾರುತ್ತಿದ್ದ ಹೆಂಗಸರು ತಮ್ಮ ತಮ್ಮಲ್ಲಿ ಎರಡೂ ಹೆಸರು ಬಳಸುತ್ತಿದ್ದರು. ಯಾರ ಹೆಸರು ನಿಲ್ಲಬೇಕು, ಯಾರು ದೊರೆ, ಅದನ್ನು ಹೇಳುವವರು ಯಾರು ಎಂಬ ಪ್ರಶ್ನೆಗಳು ಈ ನಾಡಿನಲ್ಲಿ ಹಳೆಯ ಪುಸ್ತಕದಲ್ಲಿ ಮುಗಿದುಹೋಗಿಲ್ಲ. ಅವು ಕೋರ್ಟಿನ ಕಟಕಟೆಯಲ್ಲಿವೆ, ಟ್ಯಾಕ್ಸಿಯ ಮಾತುಕತೆಯಲ್ಲಿವೆ, ಒಂದೇ ಮನೆತನದ ಅಣ್ಣತಮ್ಮಂದಿರ ನಡುವೆ ಇವೆ. ನಾನು ಅಲ್ಲಿಗೆ ಹೋದದ್ದೂ ಆ ಪ್ರಶ್ನೆಗಳ ಬೆನ್ನು ಹತ್ತಿಯೇ.

ಊರು ಬಿಟ್ಟು ಬೆಟ್ಟ ಹತ್ತಿದರೆ ಹೆದ್ದಾರಿ ಎರಡು ಸುರಂಗಗಳಲ್ಲಿ ನುಗ್ಗಿ ಆಚೆ ಬದಿಗೆ ಇಳಿಯುತ್ತದೆ. ಜನ ಅವನ್ನು ಹೆಂಡ್ರಿಕ್ ವರ್ವೂರ್ಡ್ ಸುರಂಗಗಳೆಂದೇ ಗುರುತಿಸುತ್ತಾರೆ. ಕರಿಯರನ್ನು ಬುಡಕಟ್ಟುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ತುಂಡು ನೆಲ ತೋರಿಸಿ, ಅದೇ ನಿಮ್ಮ ದೇಶವೆಂದು ಹೇಳಿದ ನೀತಿಯನ್ನು ರೂಪಿಸಿದ ಪ್ರಧಾನಿ ವರ್ವೂರ್ಡ್. ಅವನ ಹೆಸರಿನ ಕತ್ತಲೆಯನ್ನು ಹಾದು, ಬಲಕ್ಕೆ ತಿರುಗಿ, ಅಂಥದೇ ಒಂದು ತುಂಡು ನೆಲವಾಗಿದ್ದ ನ್ಜೆಲೆಲೆ ಕಣಿವೆಯನ್ನು ಹೊಕ್ಕಾಗ ಮನಸ್ಸು ಭಾರವಾಯಿತು. ಕಣಿವೆ ಮಾತ್ರ ಅದನ್ನೆಲ್ಲ ಮೀರಿದಷ್ಟು ಚೆಲುವಾಗಿದೆ. ಎರಡೂ ಕಡೆ ಬೆಟ್ಟ, ನಡುವೆ ಹೊಳೆ, ಜೋಳದ ತಾಕುಗಳು, ಮಾವಿನ ಮರಗಳು, ಇಳಿಜಾರಿನಲ್ಲಿ ಹುಲ್ಲು ಹೊದಿಸಿದ ದುಂಡು ಗುಡಿಸಲುಗಳ ಪಕ್ಕದಲ್ಲೇ ತಗಡಿನ ಹೊಸ ಮನೆಗಳು.

ಈ ಕಣಿವೆಯಲ್ಲಿ ಜಾಟಾ ಇದೆ. ಕಲ್ಲಿನ ಮೇಲೆ ಕಲ್ಲಿಟ್ಟು, ಗಾರೆಯಿಲ್ಲದೆ ಕಟ್ಟಿದ ಗೋಡೆಗಳ ಅವಶೇಷ. ಲಿಂಪೊಪೊ ನದಿಯ ಆಚೆಯಿಂದ ಬಂದ ಸಿಂಗೊ ಮನೆತನ ಇಲ್ಲಿ ರಾಜಧಾನಿ ಕಟ್ಟಿತು, ಮೊದಲೇ ಇಲ್ಲಿದ್ದ ಕುಲಗಳನ್ನು ಒಂದು ಆಳ್ವಿಕೆಯ ಕೆಳಗೆ ತಂದಿತು ಎಂದು ಪರಂಪರೆ ಹೇಳುತ್ತದೆ. ಅವರು ತಮ್ಮೊಂದಿಗೆ ನ್ಗೋಮಾ ಲುಂಗುಂಡು ಎಂಬ ಪವಿತ್ರ ನಗಾರಿಯನ್ನು ಹೊತ್ತು ತಂದರಂತೆ. ಅದು ಮೊಳಗಿದರೆ ಶತ್ರು ನೆಲಕ್ಕೆ ಬೀಳುತ್ತಿದ್ದ, ಅದು ನೆಲ ಮುಟ್ಟಕೂಡದು ಎಂಬ ನಂಬಿಕೆ ಇತ್ತು. ಜಾಟಾದಲ್ಲಿ ಆಳಿದವರಲ್ಲಿ ಥೊಹೊಯಾಂಡೌ ಬಹು ದೊಡ್ಡ ಹೆಸರು. ವೆಂಡಾ ನೆನಪಿನಲ್ಲಿ ಅವನ ಕಾಲ ಸುಭಿಕ್ಷದ ಕಾಲ. ಹದಿನೆಂಟನೆಯ ಶತಮಾನದ ಯಾವುದೋ ಒಂದು ದಿನ ಅವನು ಕಾಣೆಯಾದ. ಸತ್ತನೆಂದು ಯಾರೂ ಹೇಳುವುದಿಲ್ಲ, ಹೋದನೆಂದೇ ಹೇಳುತ್ತಾರೆ. ಅವನ ನಂತರ ಜಾಟಾ ಬರಿದಾಯಿತು. ಮನೆತನದವರು ಚದುರಿ ಬೇರೆ ಬೇರೆ ಬೆಟ್ಟಗಳನ್ನು ಹಿಡಿದರು. ಪಶ್ಚಿಮದಲ್ಲಿ ಇಂದು ರಾಮಾಬುಲಾನಾ ಎಂದು ಕರೆಸಿಕೊಳ್ಳುವ ಮನೆ, ಪೂರ್ವದಲ್ಲಿ ಚಿವಾಸೆ ಮತ್ತು ಎಂಫಾಫುಲಿ ಮನೆಗಳು. ಇಡೀ ವೆಂಡಾ ನಾಡಿಗೆ ಒಬ್ಬನೇ ಮಹಾರಾಜ ಇದ್ದನೇ, ಇದ್ದರೆ ಈ ಮೂರರಲ್ಲಿ ಯಾವ ಮನೆ ಅವನ ವಾರಸುದಾರ ಎಂಬ ತಕರಾರಿನ ಬೇರು ಇಲ್ಲಿದೆ.

ಜಾಟಾದ ಗೋಡೆಗಳ ನಡುವೆ ನನ್ನೊಂದಿಗೆ ನಡೆದವರು ಕಣಿವೆಯವರೇ ಆದ ನಿವೃತ್ತ ಶಿಕ್ಷಕರು. ಅವರು ಅರಸರ ಹೆಸರುಗಳನ್ನು ಬಿಡದೆ ಹೇಳುತ್ತ ಹೋಗುವಾಗ ನನಗೊಂದು ಅನುಮಾನ ಬಂತು. "ಪ್ರತಿ ಹೆಸರಿನ ಪಕ್ಕದಲ್ಲೂ ಒಬ್ಬ ಸೋತ ಅಣ್ಣನೋ ತಮ್ಮನೋ ಇದ್ದಾನಲ್ಲ?" ಎಂದು ಕೇಳಿದೆ. "ಇದ್ದಾನೆ. ಇನ್ನೊಬ್ಬರೂ ಇದ್ದಾರೆ, ಪುಸ್ತಕ ಬರೆದವರಿಗೆ ಅವರು ಕಾಣುವುದಿಲ್ಲ. ಪ್ರತಿ ದೊರೆಯ ಹಿಂದೆ ಒಬ್ಬ ಅತ್ತೆ" ಎಂದರು.

ಮರುದಿನ ಅವರು ನನ್ನನ್ನು ಅಂಥ ಒಬ್ಬರ ಮನೆಗೆ ಕರೆದೊಯ್ದರು. ದೊಡ್ಡ ದೊರೆಯ ಮನೆತನವಲ್ಲ, ಒಂದು ಹಳ್ಳಿಯ ಮುಖ್ಯಸ್ಥನ ಮನೆ. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತಿದ್ದ ಎಪ್ಪತ್ತು ದಾಟಿದ ಅಜ್ಜಿ, ಸೊಂಟಕ್ಕೆ ಸುತ್ತಿದ ಪಟ್ಟೆಪಟ್ಟೆಯ ವೆಂಡಾ ಬಟ್ಟೆ, ಕೈಗೆ ಬಳೆ. ಶಿಕ್ಷಕರು ಮಂಡಿಯೂರಿ ಅಂಗೈ ಜೋಡಿಸಿ "ನ್ಡಾ" ಎಂದರು. ಅಜ್ಜಿ "ಆ" ಎಂದು ಉತ್ತರಿಸಿದರು. ಗಂಡಸರ ವಂದನೆ ಒಂದು ಬಗೆ, ಹೆಂಗಸರದು ಇನ್ನೊಂದು. ಆದರೆ ಆ ಅಂಗಳದಲ್ಲಿ ಬಗ್ಗಿದ್ದು ಗಂಡಸೇ. ಆಕೆ ಈಗಿನ ಮುಖ್ಯಸ್ಥನ ತಂದೆಯ ಅಕ್ಕ, ಅಂದರೆ ಮಖಾಡ್ಜಿ.

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ವೆಂಡಾ ನಾಡಿನಲ್ಲಿ ಗದ್ದುಗೆಗೆ ದೊರೆಯ ಹೆಸರು ಹೇಳುವ ಹಕ್ಕೂ ಸೋದರತ್ತೆಯದೇ. ಏರ್ಪಾಡು ಹೀಗಿದೆ. ಒಬ್ಬ ದೊರೆಗೆ ಪಟ್ಟ ಕಟ್ಟುವಾಗ ಅವನನ್ನು ಒಂಟಿಯಾಗಿ ಕೂರಿಸುವುದಿಲ್ಲ. ಅವನ ಜೊತೆಗೆ ಒಬ್ಬ ಸೋದರಿಯನ್ನೂ ಒಬ್ಬ ಸೋದರನನ್ನೂ ಗೊತ್ತುಮಾಡುತ್ತಾರೆ. ದೊರೆ ತೀರಿಕೊಂಡ ಮೇಲೆ ಆ ಸೋದರಿ ಮುಂದಿನ ತಲೆಮಾರಿಗೆ ಮಖಾಡ್ಜಿಯಾಗುತ್ತಾಳೆ, ಸೋದರ ಖೋತ್ಸಿಮುನೆನೆ ಅಂದರೆ ಚಿಕ್ಕಪ್ಪನಾಗುತ್ತಾನೆ. ಇವರಿಬ್ಬರೂ ಕುಳಿತು ಮಾತಾಡಿ ಮುಂದಿನ ದೊರೆ ಇವನೆಂದು ಹೇಳಬೇಕು. ದೊರೆ ಬದುಕಿರುವಾಗಲೂ ಅತ್ತೆಯ ಮಾತು ಕೇಳದೆ ದೊಡ್ಡ ನಿರ್ಧಾರ ತೆಗೆದುಕೊಳ್ಳುವಂತಿಲ್ಲ. ಸುಗ್ಗಿಯ ಹೊತ್ತಿಗೆ ಪಿತೃಗಳಿಗೆ ಹೊಸ ಧಾನ್ಯದ ಬಿಯರ್ ಎರೆಯುವ ಥೆವ್ಹುಲಾ ಆಚರಣೆಯಲ್ಲಿ ಮನೆತನದ ಪರವಾಗಿ ಪಿತೃಗಳೊಡನೆ ಮಾತಾಡುವವಳೂ ಅವಳೇ. ಸತ್ತ ದೊರೆಗಳಿಗೂ ಬರಲಿರುವ ದೊರೆಗೂ ನಡುವಿನ ಸೇತುವೆ ಆಕೆ.

ಯಾರನ್ನು ಬೇಕಾದರೂ ಆರಿಸಬಹುದೇ ಎಂದರೆ ಅದೂ ಅಲ್ಲ. ದೊರೆಗೆ ಹಲವು ಹೆಂಡತಿಯರು. ಅವರಲ್ಲಿ ಮನೆತನವೇ ನೋಡಿ, ತೆರ ಕೊಟ್ಟು, ಪಟ್ಟದ ಕುಡಿ ಹೆರಲೆಂದೇ ತಂದವಳು ಜೆಕಿಸೊ. ಅವಳ ಮೊದಲ ಮಗ ವಾರಸುದಾರ ಎಂಬುದು ರೂಢಿ. ಆದರೆ ಯಾರು ನಿಜವಾದ ಜೆಕಿಸೊ, ಆ ಮಗ ಆಳಲು ತಕ್ಕವನೇ, ತಂದೆಯ ಸಾವಿನಲ್ಲಿ ಅವನ ಕೈವಾಡವಿತ್ತೇ, ಇಂಥ ಪ್ರಶ್ನೆಗಳೆಲ್ಲ ಅತ್ತೆ ಮತ್ತು ಚಿಕ್ಕಪ್ಪನ ಮುಂದೆ ಬರುತ್ತವೆ. ರೂಢಿ ಒಂದು ದಾರಿ ತೋರಿಸುತ್ತದೆ, ಆ ದಾರಿಯಲ್ಲಿ ಯಾರನ್ನು ನಡೆಸಬೇಕೆಂಬುದನ್ನು ಮನುಷ್ಯರೇ ಹೇಳಬೇಕಾಗುತ್ತದೆ. ಆದ್ದರಿಂದ ಇಲ್ಲಿ ಜಗಳ ಅಪವಾದವಲ್ಲ, ಆಯ್ಕೆಯ ಒಂದು ಭಾಗ. "ನಿಮ್ಮ ತಮ್ಮನ ಮಗನನ್ನು ಆರಿಸಿದಾಗ ಎಲ್ಲರೂ ಒಪ್ಪಿದರೇ?" ಎಂದು ಅಜ್ಜಿಯನ್ನು ಕೇಳಿದೆ. ಆಕೆ ಶಿಕ್ಷಕರ ಕಡೆ ತಿರುಗಿ ಉದ್ದವಾಗಿ ಏನೋ ಹೇಳಿದರು. ಅವರು ಕನ್ನಡಿಗನಾದ ನನಗಾಗಿ ಇಂಗ್ಲಿಷಿನಲ್ಲಿ ಅದರ ಸಾರ ಹೇಳಿದರು. ಒಪ್ಪದವರು ಒಂದು ಮಳೆಗಾಲ ಮಾತು ಬಿಟ್ಟಿದ್ದರು, ಆಮೇಲೆ ಬಂದು ಬಿಯರ್ ಕುಡಿದರು.

ದೊಡ್ಡ ಮನೆಗಳಲ್ಲಿ ಜಗಳ ಅಷ್ಟಕ್ಕೆ ಮುಗಿಯಲಿಲ್ಲ. ರಾಮಾಬುಲಾನಾ ಮನೆಯ ಕಥೆಯನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ದೊರೆ ಮಪೋಫುವಿನ ಮಕ್ಕಳಾದ ರಾಮಾವೋಯಾ ಮತ್ತು ರಾಮಾಬುಲಾನಾ ನಡುವೆ ಗದ್ದುಗೆಗಾಗಿ ಕಲಹವಾಯಿತು. ತಮ್ಮ ಗೆದ್ದ, ಅಣ್ಣ ರಾಮಾಬುಲಾನಾ ಊರು ಬಿಟ್ಟ. 1836ರಲ್ಲಿ ಬಂದೂಕು ಹಿಡಿದು ಬಂದ ಟ್ರಿಚಾರ್ಟ್‌ನ ನೆರವಿನಿಂದ ಅಣ್ಣ ಮರಳಿ ಬಂದು ಗದ್ದುಗೆ ಹಿಡಿದ, ತಮ್ಮ ಕೊಲೆಯಾದ. ಟ್ರಿಚಾರ್ಟ್‌ನ ಬೋಯರರು ಈ ಸೀಮೆಗೆ ಕಾಲಿಟ್ಟ ವರ್ಷವೇ ವೆಂಡಾ ಮನೆತನದ ದಾಯಾದಿ ಜಗಳಕ್ಕೂ ಕಾಲಿಟ್ಟರು.

1864ರಲ್ಲಿ ರಾಮಾಬುಲಾನಾ ತೀರಿಕೊಂಡಾಗ ಅವನ ಮಕ್ಕಳ ಸರದಿ. ಹಿರಿಯ ದವ್ಹಾನಾ ಒಂದು ಕಡೆ, ಕಿರಿಯ ಮಖಾಡೊ ಇನ್ನೊಂದು ಕಡೆ. ಮಖಾಡೊ ಬೋಯರರ ಊರಾದ ಸ್ಕೂಮನ್ಸ್‌ಡಾಲ್‌ನಲ್ಲಿ ಆನೆ ಬೇಟೆಗಾರರ ಜೊತೆ ದುಡಿದು ಬಂದೂಕಿನ ಕೆಲಸ ಕಲಿತವನು. ಅವನ ಬೆನ್ನಿಗೆ ನಿಂತವಳು ಮಖಾಡ್ಜಿ ನ್ಯಾಖುಹು. ಚಿಕ್ಕಪ್ಪ ಮಾಜಿಯೆ ಕೂಡ ಅವಳೊಂದಿಗೆ ಸೇರಿದ. ಅತ್ತೆ ಆರಿಸಿದವನೇ ದೊರೆಯಾದ. ಸೋತ ದವ್ಹಾನಾ ದಂತದ ವ್ಯಾಪಾರಿ ಪೋರ್ಚುಗೀಸ್ ಜೋವಾ ಅಲ್ಬಾಸಿನಿಯ ಆಸರೆ ಪಡೆದ. ನ್ಯಾಖುಹುವಿನ ಆಯ್ಕೆ ಎಂಥದೆಂಬುದು ಮೂರೇ ವರ್ಷಗಳಲ್ಲಿ ತಿಳಿಯಿತು. 1867ರ ಜುಲೈನಲ್ಲಿ ಮಖಾಡೊನ ಪಡೆಗಳ ಒತ್ತಡ ತಾಳಲಾರದೆ ಬೋಯರರು ಸ್ಕೂಮನ್ಸ್‌ಡಾಲ್ ಊರನ್ನೇ ಬಿಟ್ಟು ಹೊರಟರು. ಮೂರು ದಶಕಗಳ ಕಾಲ ಈ ಬೆಟ್ಟಸಾಲು ವೆಂಡಾ ಜನರ ಕೈಯಲ್ಲಿ ಉಳಿಯಿತು. ಹಿರಿಯತನವನ್ನು ಪಕ್ಕಕ್ಕಿಟ್ಟು ಯೋಗ್ಯತೆಯನ್ನು ನೋಡಿದ ಒಬ್ಬ ಹೆಂಗಸಿನ ತೀರ್ಮಾನ ಅದರ ಹಿಂದೆ ಇದೆ. ಊರಿನಲ್ಲಿ ಮಖಾಡೊನ ಪ್ರತಿಮೆ ಇದೆ. ನ್ಯಾಖುಹುವಿನದೂ ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತು.

1895ರಲ್ಲಿ ಮಖಾಡೊ ತೀರಿಕೊಂಡ, ವಿಷವಿಟ್ಟರೆಂದು ಜನ ಹೇಳುತ್ತಾರೆ. ಮಕ್ಕಳಾದ ಮಾಯೆಮು, ಸಿಂಥುಮುಲೆ, ಎಂಫೆಫು ನಡುವೆ ಮತ್ತೆ ಕಲಹ. ಕಿಂಬರ್ಲಿಯ ಕಡೆ ದುಡಿಯಲು ಹೋಗಿದ್ದ ಎಂಫೆಫುವನ್ನು ಕರೆಸಿ ಪಟ್ಟ ಕಟ್ಟಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತು ಇಲ್ಲಿ ರಕ್ತದಲ್ಲಿ ನಿಜವಾಯಿತು. 1898ರಲ್ಲಿ ಜನರಲ್ ಪೀಟ್ ಜೂಬೆರ್‌ನ ಬೋಯರ್ ಸೇನೆ ಸೊಂಗೊಜ್ವಿ ಬೆಟ್ಟದ ಮೇಲಿದ್ದ ಎಂಫೆಫುವಿನ ರಾಜಧಾನಿಯ ಮೇಲೆ ಬಿದ್ದಾಗ ಸಿಂಥುಮುಲೆ ಬೋಯರರ ಕಡೆ ನಿಂತ. ನವೆಂಬರಿನಲ್ಲಿ ರಾಜಧಾನಿ ಉರಿದುಹೋಯಿತು. ಎಂಫೆಫು ಸಾವಿರಾರು ಜನರೊಂದಿಗೆ ಲಿಂಪೊಪೊ ದಾಟಿ ಓಡಿಹೋದ. ಕೆಲವೇ ತಿಂಗಳಲ್ಲಿ, 1899ರಲ್ಲಿ, ಬೆಟ್ಟದ ಬುಡದಲ್ಲಿ ಬೋಯರರು ಹೊಸ ಊರು ಕಟ್ಟಿ ಅದಕ್ಕೆ ಟ್ರಿಚಾರ್ಟ್‌ನ ಹೆಸರಿಟ್ಟರು. ಸಿಂಥುಮುಲೆಗೆ ಊರಿನ ಪಶ್ಚಿಮಕ್ಕೆ ನೆಲ ಸಿಕ್ಕಿತು, ಆ ಹಳ್ಳಿಗಳು ಇಂದಿಗೂ ಅವನ ಹೆಸರಿನಲ್ಲಿವೆ. ಬೋಯರ್ ಯುದ್ಧ ಮುಗಿದ ಮೇಲೆ ಮರಳಿದ ಎಂಫೆಫು ಬೆಟ್ಟದ ಮೇಲಕ್ಕೆ ಹೋಗುವಂತಿರಲಿಲ್ಲ. ನ್ಜೆಲೆಲೆ ಕಣಿವೆಯಲ್ಲಿ, ಜಾಟಾದ ಹತ್ತಿರದಲ್ಲಿ, 1924ರಲ್ಲಿ ಸಾಯುವ ತನಕ ಬದುಕಿದ.

ಸೊಂಗೊಜ್ವಿ ಬೆಟ್ಟವನ್ನು ಊರಿನ ಯಾವ ಬೀದಿಯಿಂದಲೂ ನೋಡಬಹುದು. ನೆತ್ತಿಯ ಬಂಡೆ ಊರಿನ ಮೇಲೆ ಬಾಗಿ ನಿಂತಂತಿದೆ. ಅದನ್ನು ನೋಡುತ್ತ ನಿಂತಾಗ ನನಗೆ ಹೊಳೆದದ್ದು ಇಷ್ಟು. ಮನೆಯೊಳಗಿನ ಜಗಳ ಈ ಜನರನ್ನು ಸೋಲಿಸಲಿಲ್ಲ. ಪ್ರತಿ ತಲೆಮಾರಿನಲ್ಲೂ ಜಗಳವಾಡಿ, ಒಬ್ಬನನ್ನು ಆರಿಸಿ, ಸೋತವನಿಗೆ ಬೇರೆ ಬೆಟ್ಟ ಕೊಟ್ಟು ಅವರು ಬದುಕಿದ್ದರು. ಸೋತವನು ಹೊರಗಿನ ಬಂದೂಕಿನ ಹತ್ತಿರ ಹೋಗಲು ಸಾಧ್ಯವಾದ ದಿನದಿಂದ ಮಖಾಡ್ಜಿಯ ಮಾತಿನ ತೂಕ ಇಳಿಯತೊಡಗಿತು.

ಇಪ್ಪತ್ತನೆಯ ಶತಮಾನದಲ್ಲಿ ಬಂದೂಕಿನ ಜಾಗಕ್ಕೆ ಕಾಗದ ಬಂತು. 1927ರ ಸ್ಥಳೀಯರ ಆಡಳಿತ ಕಾಯಿದೆ ಗವರ್ನರ್ ಜನರಲ್‌ನನ್ನೇ ಇಲ್ಲಿನ ಕರಿಯರ ಸರ್ವೋಚ್ಚ ದೊರೆಯೆಂದು ಘೋಷಿಸಿತು. ನಾಯಕರನ್ನು ನೇಮಿಸುವ, ಇಳಿಸುವ ಅಧಿಕಾರ ಅವನ ಕೈಗೆ ಹೋಯಿತು. 1951ರ ಬಾಂಟು ಅಧಿಕಾರಿಗಳ ಕಾಯಿದೆ ಅದೇ ನಾಯಕರನ್ನು ವರ್ಣಭೇದ ಸರ್ಕಾರದ ಸಂಬಳದ ಕೆಳಹಂತವಾಗಿಸಿತು. ಅತ್ತೆ ಆರಿಸಿದರೂ ಸರ್ಕಾರ ಒಪ್ಪದಿದ್ದರೆ ದೊರೆಯಲ್ಲ. ಜನ ಒಪ್ಪದಿದ್ದರೂ ಸರ್ಕಾರ ಒಪ್ಪಿದರೆ ದೊರೆಯೇ. ಅಧಿಕಾರಿಗಳಿಗೆ ಬೇಕಾದದ್ದು ಅಂಕೆ ಹಾಕಿದ ವಂಶವೃಕ್ಷ, ಗಂಡಿನಿಂದ ಗಂಡಿಗೆ ಇಳಿಯುವ ನೇರ ಗೆರೆ. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತ ಹೆಂಗಸಿನ ಮಾತಿಗೆ ಆ ಕಡತದಲ್ಲಿ ಕಲಮೇ ಇರಲಿಲ್ಲ.

ಇದರ ತುದಿ ಕಂಡದ್ದು ಎಂಫೆಫುವಿನ ಮೊಮ್ಮಗ ಪ್ಯಾಟ್ರಿಕ್ ಎಂಫೆಫುವಿನ ಕಾಲದಲ್ಲಿ. ವೆಂಡಾಕ್ಕೆ ಸ್ವಯಮಾಡಳಿತ ಕೊಟ್ಟಾಗ ಚುನಾವಣೆಯಲ್ಲಿ ಆಯ್ಕೆಯಾದ ಸ್ಥಾನಗಳಲ್ಲಿ ಬಾಲ್ಡ್‌ವಿನ್ ಮುಡೌ ಅವರ ವಿರೋಧ ಪಕ್ಷಕ್ಕೆ ಬಹುಮತ ಬಂತು. ಆದರೆ ಶಾಸನಸಭೆಯಲ್ಲಿ ನಾಯಕರಿಗೆಂದು ಮೀಸಲಿಟ್ಟ ಸ್ಥಾನಗಳಿದ್ದವು. ಅವರ ಬಲದಿಂದ ಪ್ಯಾಟ್ರಿಕ್ ಅಧಿಕಾರ ಉಳಿಸಿಕೊಂಡರು. 1979ರ ಸೆಪ್ಟೆಂಬರ್ 13ರಂದು ವೆಂಡಾ ಸ್ವತಂತ್ರ ದೇಶವೆಂದು ಘೋಷಣೆಯಾಯಿತು, ದಕ್ಷಿಣ ಆಫ್ರಿಕಾ ಬಿಟ್ಟರೆ ಜಗತ್ತಿನಲ್ಲಿ ಅದನ್ನು ಮಾನ್ಯ ಮಾಡಿದ್ದು ಅದರಂತೆಯೇ ಹುಟ್ಟಿದ, ಬಾಂಟುಸ್ತಾನಗಳೆಂಬ ಇತರ ತುಂಡು ದೇಶಗಳು ಮಾತ್ರ. ಸಾಂಪ್ರದಾಯಿಕ ದೊರೆಯೇ ರಾಷ್ಟ್ರಾಧ್ಯಕ್ಷರೂ ಆದರು. ಸಿಬಾಸಾದ ಪಕ್ಕದಲ್ಲಿ ಎದ್ದ ಹೊಸ ರಾಜಧಾನಿಗೆ ಕಾಣೆಯಾದ ಥೊಹೊಯಾಂಡೌನ ಹೆಸರಿಟ್ಟರು. 1988ರಲ್ಲಿ ಪ್ಯಾಟ್ರಿಕ್ ತೀರಿಕೊಂಡರು. 1990ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. 1994ರ ಏಪ್ರಿಲ್ 27ರಂದು, ಮಂಡೇಲಾ ಗೆದ್ದ ಚುನಾವಣೆಯ ಹೊತ್ತಿಗೆ, ವೆಂಡಾ ಎಂಬ ದೇಶ ಅಳಿದು ದಕ್ಷಿಣ ಆಫ್ರಿಕಾದಲ್ಲಿ ಸೇರಿತು. ಅದರೊಂದಿಗೆ ಬಾಂಟುಸ್ತಾನ ಹೋಯಿತು, ಗದ್ದುಗೆ ಉಳಿಯಿತು.

ಹೊಸ ಸಂವಿಧಾನ ಪರಂಪರೆಯ ನಾಯಕತ್ವವನ್ನು ಕಿತ್ತೊಗೆಯಲಿಲ್ಲ. 211ನೆಯ ವಿಧಿ ಅದನ್ನು ಮಾನ್ಯ ಮಾಡುತ್ತದೆ, ರೂಢಿಯ ಕಾನೂನನ್ನು ನ್ಯಾಯಾಲಯಗಳು ಅನ್ವಯಿಸಬೇಕೆಂದೂ ಹೇಳುತ್ತದೆ, ಎಲ್ಲವೂ ಸಂವಿಧಾನಕ್ಕೆ ಒಳಪಟ್ಟು. ಅದೇ ಸಂವಿಧಾನದ 9ನೆಯ ವಿಧಿ ಹೆಣ್ಣು ಗಂಡು ಸಮಾನರೆನ್ನುತ್ತದೆ. 2003ರಲ್ಲಿ ಬಂದ ಕಾಯಿದೆ ಸಾಂಪ್ರದಾಯಿಕ ಸಮುದಾಯಗಳು ತಮ್ಮ ರೂಢಿಯನ್ನು ಸಮಾನತೆಗೆ ತಕ್ಕಂತೆ ತಿದ್ದಿಕೊಳ್ಳಬೇಕೆಂದಿತು, ಪರಿಷತ್ತಿನ ಸದಸ್ಯರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಹೆಂಗಸರಿರಬೇಕೆಂದಿತು. ವರ್ಣಭೇದದ ಕಾಲದಲ್ಲಿ ಕೆಟ್ಟುಹೋದ ಗದ್ದುಗೆಗಳ ತಕರಾರು ಬಗೆಹರಿಸಲು ಪ್ರೊಫೆಸರ್ ನ್ಹ್ಲಾಪೊ ನೇತೃತ್ವದಲ್ಲಿ ಆಯೋಗವನ್ನೂ ರಚಿಸಿದರು. ಚಿವಾಸೆ ಮತ್ತು ಎಂಫಾಫುಲಿ ಮನೆಗಳೂ ಅದರ ಮುಂದೆ ಹಕ್ಕು ಮಂಡಿಸಿದವು. 2010ರಲ್ಲಿ ಆಯೋಗ ವೆಂಡಾ ಮಹಾರಾಜ ಪದವಿ ಎಂಫೆಫು ರಾಮಾಬುಲಾನಾ ಮನೆಗೆ ಸೇರಿದ್ದೆಂದು ಹೇಳಿತು. ಜಾಟಾ ಬರಿದಾದಾಗ ಹುಟ್ಟಿದ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬಂತು. ಪೂರ್ವದ ಮನೆಗಳಲ್ಲಿ ಅದನ್ನು ಮನಸಾರೆ ಒಪ್ಪಿದವರು ನನಗೆ ಸಿಗಲಿಲ್ಲ.

ಇನ್ನು ಆ ಮನೆಯಲ್ಲಿ ಯಾರು? ಪ್ಯಾಟ್ರಿಕ್ ಅವರ ನಂತರ ಗದ್ದುಗೆ ಏರಿದ ಮಗ ದಿಂಬನ್ಯಿಕಾ 1997ರ ಡಿಸೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಮಗಳು ಮಸಿಂಡಿ ಆಗ ಆರು ವರ್ಷದ ಹುಡುಗಿ. ದಿಂಬನ್ಯಿಕಾ ಅವರ ಸೋದರ ಟೋನಿ ಎಂಫೆಫು ರಾಮಾಬುಲಾನಾ ಆಡಳಿತ ವಹಿಸಿಕೊಂಡರು. ಆಯೋಗದ ತೀರ್ಮಾನ ಬಂದ ಮೇಲೆ 2010ರ ಆಗಸ್ಟಿನಲ್ಲಿ ರಾಜಮನೆತನ ಅವರನ್ನೇ ಸೂಚಿಸಿತು. 2012ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜೇಕಬ್ ಜುಮಾ ಅವರನ್ನು ವೆಂಡಾ ಜನರ ಖೋಸಿಖುಲು, ಅಂದರೆ ಮಹಾರಾಜರೆಂದು ಮಾನ್ಯ ಮಾಡಿದರು. ಅಷ್ಟು ಹೊತ್ತಿಗೆ ಮಸಿಂಡಿ ಇಪ್ಪತ್ತು ದಾಟಿದ್ದರು. ಅದೇ ವರ್ಷ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ದೊರೆಯ ಸಂತಾನ ನಾನು, ಹೆಣ್ಣೆಂಬ ಕಾರಣಕ್ಕೆ ನನ್ನನ್ನು ದಾಟಿ ಹೋಗಿದ್ದಾರೆ ಎಂಬುದು ಅವರ ವಾದ. ವೆಂಡಾ ರೂಢಿಯಲ್ಲಿ ಹೆಣ್ಣು ಗದ್ದುಗೆ ಏರುವುದಿಲ್ಲ ಎಂಬುದು ಎದುರು ಪಕ್ಷದ ವಾದ.

ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಮೇಲ್ಮನವಿ ನ್ಯಾಯಾಲಯ ಟೋನಿಯವರ ಮಾನ್ಯತೆ ಕಾನೂನುಬಾಹಿರವೆಂದು ಹೇಳಿತು. ಮಸಿಂಡಿಯವರನ್ನು ಹೆಣ್ಣೆಂದು ಹೊರಗಿಟ್ಟದ್ದು ಸರಿಯೇ ಎಂಬ ಪ್ರಶ್ನೆಯನ್ನು ಹೈಕೋರ್ಟಿಗೆ ಮರಳಿಸಿತು. 2021ರಲ್ಲಿ ಸಂವಿಧಾನ ನ್ಯಾಯಾಲಯವೂ ಆ ಮಾನ್ಯತೆ ನಿಲ್ಲುವುದಿಲ್ಲವೆಂದಿತು. ಪ್ರಶ್ನೆ ಸುತ್ತಿ ಬಳಸಿ ಥೊಹೊಯಾಂಡೌ ಪಟ್ಟಣಕ್ಕೇ ಬಂತು. ನಾನು ಆ ಪಟ್ಟಣದಲ್ಲಿದ್ದಾಗ ವಾದ ವಿವಾದ ಇನ್ನೂ ನಡೆಯುತ್ತಿತ್ತು.

ಮಿನಿಬಸ್ ಟ್ಯಾಕ್ಸಿಯಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳಿದರೆ ಸಾಕು, ಎಲ್ಲರಿಗೂ ಒಂದು ನಿಲುವಿತ್ತು. ಹಣ್ಣಿನ ತೋಟದಲ್ಲಿ ಮೇಸ್ತ್ರಿಯಾಗಿದ್ದ ನಡುವಯಸ್ಸಿನವರೊಬ್ಬರು ಕಳಕಳಿಯಿಂದಲೇ ಹೇಳಿದರು. "ಹೆಂಗಸಿಗೆ ನಾವು ಗೌರವ ಕೊಡುವುದಿಲ್ಲವೆಂದು ಹೊರಗಿನವರು ತಿಳಿಯುತ್ತಾರೆ. ದೊರೆಗಿಂತ ಮೇಲೆ ಮಖಾಡ್ಜಿಯನ್ನು ಇಟ್ಟವರು ನಾವು. ಅವಳನ್ನು ದೊರೆ ಮಾಡಿದರೆ ದೊರೆಯನ್ನು ತಿದ್ದುವವರು ಯಾರು?" ಈ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಅಧಿಕಾರವನ್ನು ಒಬ್ಬನ ಕೈಗೆ, ಅದಕ್ಕೆ ಲಗಾಮನ್ನು ಇನ್ನೊಬ್ಬಳ ಕೈಗೆ ಕೊಟ್ಟ ವಿವೇಕ ಅದರಲ್ಲಿದೆ. ಅದೇ ಟ್ಯಾಕ್ಸಿಯಲ್ಲಿ ವೆಂಡಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗಿ ತಿರುಗಿ ಕೂತು ಕೇಳಿದಳು. "ನನ್ನ ಅತ್ತೆ ದೊರೆಯನ್ನು ಆರಿಸುವಷ್ಟು ಬುದ್ಧಿವಂತೆ, ಆಳುವಷ್ಟು ಅಲ್ಲ ಎನ್ನುತ್ತೀರಾ, ಅಪ್ಪಾಜಿ?" ಆತ ಉತ್ತರ ಕೊಡಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಇಬ್ಬರೂ ಪರಂಪರೆಯ ಹೆಸರಿನಲ್ಲೇ ಮಾತಾಡುತ್ತಿದ್ದರು.

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಇದೇ ಲಿಂಪೊಪೊ ಪ್ರಾಂತ್ಯದ ಬಲೊಬೇಡು ಜನರನ್ನು ಎರಡು ಶತಮಾನಗಳ ಕಾಲ ಆಳಿದವರು ರಾಣಿಯರು, ಮಳೆ ತರುವ ಮೊಜಾಜಿಗಳು. ಅಲ್ಲಿ ತಕರಾರು ತಿರುಗುಮುರುಗಾಗಿದೆ. ಆರನೆಯ ಮೊಜಾಜಿ ಮಕೊಬೊ 2005ರಲ್ಲಿ ತೀರಿಕೊಂಡಾಗ ಮಗಳು ಮಸಲನಾಬೊ ಕೆಲವೇ ತಿಂಗಳ ಕೂಸು. 2021ರಲ್ಲಿ ಮನೆತನದ ಪರಿಷತ್ತು ಅವಳ ಅಣ್ಣನೇ ದೊರೆ ಎಂದಾಗ ದೊಡ್ಡ ವಿವಾದವೆದ್ದಿತು. ನೆರೆಯ ತ್ಸೊಂಗಾ ಭಾಷಿಕ ವಲೊಯಿ ಸಮುದಾಯದ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ದೊರೆ ಫೊಫೊಜಾ 1968ರಲ್ಲಿ ಗಂಡುಮಕ್ಕಳಿಲ್ಲದೆ ಸತ್ತಾಗ ಹಿರಿಯ ಮಗಳು ಶಿಲುಬಾನಾ ಇದ್ದರೂ ದೊರೆಯ ಸೋದರನಿಗೆ ಪಟ್ಟ ಕಟ್ಟಿದರು. ತೊಂಬತ್ತರ ದಶಕದಲ್ಲಿ, ಹೊಸ ಸಂವಿಧಾನ ಬಂದ ಮೇಲೆ, ಅದೇ ರಾಜಮನೆತನ ಮತ್ತೆ ಕುಳಿತು ಯೋಚಿಸಿ ಗದ್ದುಗೆಯನ್ನು ಆ ಮಗಳಿಗೇ ಮರಳಿಸಲು ನಿರ್ಧರಿಸಿತು. ಆ ಸೋದರನ ಮಗ ಕೋರ್ಟಿಗೆ ಹೋದ. 2008ರ ಜೂನ್‌ನಲ್ಲಿ ಸಂವಿಧಾನ ನ್ಯಾಯಾಲಯ ಶಿಲುಬಾನಾ ಪರ ತೀರ್ಪು ಕೊಟ್ಟಿತು. ರೂಢಿ ಎಂದರೆ ಹಿಂದೆ ಏನು ನಡೆಯಿತು ಎಂಬುದಷ್ಟೇ ಅಲ್ಲ, ಅದನ್ನು ಪಾಲಿಸುವ ಜನ ಇಂದು ಅದನ್ನು ಹೇಗೆ ಬೆಳೆಸುತ್ತಾರೆ ಎಂಬುದೂ ಹೌದು, ಬೆಳೆಸುವ ಹಕ್ಕು ಅವರಿಗಿದೆ ಎಂಬುದು ಆ ತೀರ್ಪಿನ ತಿರುಳು.

ನನಗೆ ಇಡೀ ಪ್ರಯಾಣದಲ್ಲಿ ಇದೇ ಗಟ್ಟಿಯಾಗುತ್ತ ಹೋಯಿತು. ವಲೊಯಿಯಲ್ಲಿ ಬದಲಾವಣೆ ಶುರುವಾದದ್ದು ಮನೆಯ ಅಂಗಳದಲ್ಲಿ, ಕೋರ್ಟು ಅದಕ್ಕೆ ಕಾವಲು ನಿಂತಿತು. ವೆಂಡಾದಲ್ಲಿ ಅದು ಶುರುವಾದದ್ದು ಕೋರ್ಟಿನಲ್ಲಿ, ಅಂಗಳ ಇನ್ನೂ ಎರಡು ಹೋಳಾಗಿದೆ. ಆದ್ದರಿಂದಲೇ ಮೊದಲನೆಯದು ನೆಲೆ ಕಂಡಿತು, ಎರಡನೆಯದು ವರ್ಷಗಟ್ಟಲೆ ಎಳೆಯಿತು. ಇದಕ್ಕೆ ಮಸಿಂಡಿಯವರನ್ನು ದೂರುವುದು ಅನ್ಯಾಯ. ಅಂಗಳದಲ್ಲಿ ಆಕೆಯ ಮಾತಿಗೆ ಜಾಗ ಸಿಕ್ಕಿದ್ದರೆ ಆಕೆ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಕೊನೆಯ ದಿನಗಳಲ್ಲಿ ಒಂದು ಹಳ್ಳಿಯಲ್ಲಿ ಚಿಕೋನಾ ನೋಡುವ ಭಾಗ್ಯ ಸಿಕ್ಕಿತು. ದೊರೆಯ ಪಟ್ಟದಂಥ ದೊಡ್ಡ ಸಂದರ್ಭಗಳಲ್ಲಿ ನಡೆಯುವ ಕೊಳಲಿನ ಕುಣಿತ ಇದು, ವೆಂಡಾ ಜನರ ರಾಷ್ಟ್ರೀಯ ನೃತ್ಯ. 1950ರ ದಶಕದಲ್ಲಿ ಇಲ್ಲಿಗೆ ಬಂದು ಅಧ್ಯಯನ ಮಾಡಿದ ಸಂಗೀತ ವಿದ್ವಾಂಸ ಜಾನ್ ಬ್ಲಾಕಿಂಗ್ ವೆಂಡಾ ಜನರ ಹಾಡು ಕುಣಿತಗಳಿಂದಲೇ ಸಂಗೀತದ ಬಗ್ಗೆ ತಮ್ಮ ಆಲೋಚನೆಗಳನ್ನು ಕಟ್ಟಿಕೊಂಡರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೊಳಲು, ಒಂದು ಕೊಳಲಿಗೆ ಒಂದೇ ಸ್ವರ. ಗಂಡಸರು ನಡುವಿನ ನಗಾರಿಗಳ ಸುತ್ತ ವೃತ್ತವಾಗಿ ಹೆಜ್ಜೆ ಹಾಕುತ್ತ ತಮ್ಮ ತಮ್ಮ ಸ್ವರವನ್ನು ತಮ್ಮ ಸರದಿಯಲ್ಲಿ ಊದುತ್ತಾರೆ. ಒಬ್ಬನೇ ಎಷ್ಟು ಚೆನ್ನಾಗಿ ಊದಿದರೂ ರಾಗ ಹುಟ್ಟುವುದಿಲ್ಲ. ನಡುವೆ ದೊಡ್ಡ ನಗಾರಿಯನ್ನು ಬಾರಿಸುತ್ತಿದ್ದವರು ಹೆಂಗಸರು. ಕುಣಿತದ ನಡೆ ಅವರ ಕೈಯಲ್ಲಿತ್ತು. ಹತ್ತಿರದಲ್ಲಿ ನಿಂತು ನೋಡುತ್ತಿದ್ದ ಶಿಕ್ಷಕರು, ಯಾವ ದೊರೆಗಾಗಿ ಇದನ್ನು ಆಡಬೇಕೆಂದು ಯಾವ ಕೋರ್ಟೂ ಆದೇಶಿಸಲಾರದು ಎಂದರು. ನಿಜ. ಕೋರ್ಟು ಅನ್ಯಾಯದ ಮಾನ್ಯತೆಯನ್ನು ರದ್ದು ಮಾಡಬಲ್ಲದು, ಹೊರಗಿಟ್ಟವಳಿಗೆ ಮಾತಾಡುವ ಜಾಗ ಕೊಡಬಲ್ಲದು. ಅಷ್ಟು ಮಾಡುವುದು ಅದರ ಕರ್ತವ್ಯ. ಕೊಳಲು ಕೈಗೆತ್ತಿಕೊಳ್ಳಬೇಕಾದವರು ಮಾತ್ರ ಊರಿನವರು.

ಹಾಗಿದ್ದರೆ ಪರಂಪರೆ ಯಾರ ಕಡೆ? ನನ್ನ ಮಟ್ಟಿಗೆ ಉತ್ತರ ಸಂಶಯವಿಲ್ಲದೆ ಇದೆ. ವೆಂಡಾ ಪರಂಪರೆಯಲ್ಲಿ ಅತಿ ಹಳೆಯದು ಗಂಡಿನಿಂದ ಗಂಡಿಗೆ ಇಳಿಯುವ ಗೆರೆ ಅಲ್ಲ. ಆ ಗೆರೆಯನ್ನು ದಾಟಬಲ್ಲ ತೀರ್ಮಾನ ಶಕ್ತಿ ಅದಕ್ಕಿಂತ ಹಳೆಯದು, ಅದು ಒಬ್ಬ ಹೆಂಗಸಿನ ನಾಲಗೆಯಲ್ಲಿತ್ತು. 1864ರಲ್ಲಿ ನ್ಯಾಖುಹು ಹಿರಿಯನನ್ನು ಬಿಟ್ಟು ಕಿರಿಯನನ್ನು ಆರಿಸಿದಾಗ ಆಕೆ ರೂಢಿಯನ್ನು ಮುರಿಯಲಿಲ್ಲ, ರೂಢಿ ತನಗೆ ಕೊಟ್ಟ ಕೆಲಸ ಮಾಡಿದಳು. ಆ ಕೆಲಸವನ್ನು ಗವರ್ನರ್ ಜನರಲ್‌ನ ಕಡತ ಕಿತ್ತುಕೊಂಡಿತು, ಬಾಂಟುಸ್ತಾನದ ಸಂಬಳ ಕಿತ್ತುಕೊಂಡಿತು. ಉಳಿದ ಒಣ ಗೆರೆಯನ್ನೇ ಇಂದು ಪರಂಪರೆ ಎಂದು ತೋರಿಸಿ ಒಬ್ಬ ಮಗಳನ್ನು ತಡೆಯುವುದು ವಸಾಹತಿನ ಕಡತಕ್ಕೆ ಕೊಡುವ ಗೌರವ, ಪಿತೃಗಳಿಗೆ ಕೊಡುವ ಗೌರವ ಅಲ್ಲ. ಮಸಿಂಡಿ ಗದ್ದುಗೆ ಏರಬೇಕೇ ಬೇಡವೇ ಎಂದು ಹೇಳಲು ಹೊರಗಿನವನಾದ ನಾನು ಯಾರೂ ಅಲ್ಲ. ಆದರೆ ಆ ಪ್ರಶ್ನೆಯನ್ನು ಹೆಣ್ಣೆಂಬ ಒಂದೇ ಕಾರಣಕ್ಕೆ ಕೇಳುವ ಮೊದಲೇ ಮುಚ್ಚಿಬಿಡುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ತೆರೆದಿರಲಿ, ಮಖಾಡ್ಜಿಯ ಮುಂದೆ ಬರಲಿ, ಖೋರೊ ಎಂಬ ಊರಸಭೆಯಲ್ಲಿ ಹಿರಿಯರೂ ಓದಿದ ಹುಡುಗಿಯರೂ ಒಂದೇ ನೆಲದ ಮೇಲೆ ಕುಳಿತು ಜಗಳವಾಡಲಿ. ಹಿಂದೆಯೂ ಜಗಳವಾಡಿಯೇ ಅವರು ತಮ್ಮ ದೊರೆಗಳನ್ನು ಕಂಡುಕೊಂಡದ್ದು. ಈ ಸಲ ಜಗಳವನ್ನು ಹೊರಗಿನವರ ಕೈಗೆ ಬಿಡದೆ ತಾವೇ ಮುಗಿಸಿದರೆ, ದೊರೆಯಾಗಿ ಯಾರೇ ಕುಳಿತರೂ, ಎರಡು ಶತಮಾನಗಳ ಹಿಂದೆ ಕಳೆದುಕೊಂಡದ್ದನ್ನು ವೆಂಡಾ ಜನ ಮರಳಿ ಪಡೆದಂತೆ.